ಮರಿಯಪ್ಪನ ಕಬ್ಬಿಣದ ಕೂರಿಗೆ

ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದ ಮರಿಯಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂದು ಅವನನ್ನು ಬಲ್ಲವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ಕೋಪ ಹುಟ್ಟಿದ್ದೆಲ್ಲಿ ಎಂದು ಕೇಳಿದವರು ಕಡಿಮೆ. ಅದು ಹುಟ್ಟಿದ್ದು ಲೇತಿನ ಮುಂದೆ ಅಲ್ಲ. ಕೆಂಗೇರಿಯ ಆಚೆ, ಅವರಪ್ಪ ಬಿಟ್ಟುಹೋದ ಎರಡೆಕರೆ ಕೆಮ್ಮಣ್ಣಿನ ಹೊಲದ ಬದುವಿನ ಮೇಲೆ, ಅವನಿಗಿನ್ನೂ ಮೀಸೆ ಮೂಡುವ ಮೊದಲು.

ಆ ಹೊಲ ಖುಷ್ಕಿ. ಕೆರೆಯ ನೀರಿಲ್ಲ, ಬಾವಿಯ ನೀರಿಲ್ಲ, ಆಕಾಶ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಥ ನೆಲದಲ್ಲಿ ರಾಗಿ ಬೆಳೆಯುವವನಿಗೆ ಮಳೆ ಎಷ್ಟು ಬಂತು ಅನ್ನುವುದಕ್ಕಿಂತ, ಮಳೆ ನಿಂತ ಮೇಲೆ ಮಣ್ಣು ಹದಕ್ಕೆ ಬಂದದ್ದು ಯಾವಾಗ ಅನ್ನುವುದೇ ದೊಡ್ಡ ಮಾತು. ಇವತ್ತು ಕಾಲಿಟ್ಟರೆ ಕೆಸರು ಹಿಮ್ಮಡಿಗೆ ಅಂಟುತ್ತದೆ. ನಾಳೆ ಅದೇ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ, ಬಿಟ್ಟರೆ ಪುಡಿ. ನಾಡಿದ್ದು ಗಾಳಿ ಬಿಸಿಲು ಎರಡೂ ಸೇರಿ ಇದ್ದಬದ್ದ ತೇವವನ್ನು ಹೀರಿ ಮುಗಿಸಿರುತ್ತವೆ. ನಡುವಿನ ಆ ದಿನವೇ ಹದ. ಹದದಲ್ಲಿ ಬಿತ್ತಿದವನ ಹೊಲ ಹಸಿರು, ತಪ್ಪಿದವನದು ಬೋಳು. ಇದು ಆ ಊರಿನಲ್ಲಿ ಕುರಿ ಕಾಯುವವರಿಗೂ ಗೊತ್ತು.

ಗೊತ್ತಿದ್ದೂ ಮರಿಯಪ್ಪನ ಮನೆಯ ಹೊಲ ವರ್ಷ ವರ್ಷವೂ ಹದ ತಪ್ಪಿದ ಮೇಲೆಯೇ ಬಿತ್ತನೆಯಾಗುತ್ತಿತ್ತು. ಇದಕ್ಕೆ ಕಾರಣ ಶನಿಯೂ ಅಲ್ಲ, ರಾಹುವೂ ಅಲ್ಲ, ಅವನ ತಾಯಿ ಮುನಿತಾಯಮ್ಮನ ಕೈ. ರಾಗಿ ಬಿತ್ತುವುದು ಕೂರಿಗೆಯಲ್ಲಿ. ಮರದ ದಿಂಡಿಗೆ ಸಾಲಾಗಿ ಬಿದಿರಿನ ಕೊಳವೆಗಳು, ಅವುಗಳ ತಲೆಯ ಮೇಲೆ ತೂತಿನ ಬಟ್ಟಲು. ಎತ್ತು ಎಳೆದಂತೆ ಹೆಂಗಸೊಬ್ಬಳು ಜೊತೆಗೇ ನಡೆಯುತ್ತ ಮುಷ್ಟಿಯಿಂದ ಆ ಬಟ್ಟಲಿಗೆ ಬೀಜ ಬಿಡಬೇಕು. ಮುಷ್ಟಿ ಸಡಿಲಾದರೆ ಪೈರು ಒತ್ತಾಗುತ್ತದೆ, ಬಿಗಿಯಾದರೆ ತೆಳುವಾಗುತ್ತದೆ. ಮುನಿತಾಯಮ್ಮ ಬೀಜ ಬಿಟ್ಟ ಹೊಲದಲ್ಲಿ ಪೈರು ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಬರುತ್ತದೆ ಎಂದು ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರು. ಹೀಗಾಗಿ ಹದ ಬಂದ ಬೆಳಿಗ್ಗೆ ಬಾಗಿಲ ಮುಂದೆ ಎಲೆಯಡಿಕೆ ಹಿಡಿದವರ ಸಾಲು. ಎಲೆಯಡಿಕೆ ಕೊಟ್ಟು ಕರೆದವರಿಗೆ ಇಲ್ಲ ಅನ್ನುವಂತಿಲ್ಲ, ಅದು ಪದ್ಧತಿ. ಮನೆಯವರೇ ಮನೆಯವಳಿಗೆ ಎಲೆಯಡಿಕೆ ಕೊಡುವುದಿಲ್ಲ, ಅದೂ ಪದ್ಧತಿಯೇ. ಊರೆಲ್ಲ ಬಿತ್ತಿ ಮುಗಿದ ಮೇಲೆ, ಸೊಂಟ ಹಿಡಿದುಕೊಂಡು ಬಂದು ಅವಳು ಸ್ವಂತ ಹೊಲಕ್ಕೆ ಇಳಿಯುವಳು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಹಾಗೆ.

ಹುಡುಗನಾಗಿದ್ದಾಗ ಒಮ್ಮೆ ಮರಿಯಪ್ಪ ಎಲ್ಲರಿಗಿಂತ ಮುಂಚೆ ಎದ್ದು ಎರಡು ವೀಳ್ಯದೆಲೆ, ಒಂದು ಅಡಿಕೆ ತಂದು ಅವ್ವನ ಮುಂದೆ ಹಿಡಿದಿದ್ದ. ಅವಳು ಬಿದ್ದು ಬಿದ್ದು ನಕ್ಕಳು. "ಮನೇವಳಿಗೆ ಎಲೆಯಡಿಕೆ ಕೊಟ್ಟು ಕರೀತಾರೇನ್ಲಾ, ಪೆದ್ದೇ" ಎಂದು ಆ ಎಲೆಯನ್ನು ತಾನೇ ಹಾಕಿಕೊಂಡು, ಅಗಿಯುತ್ತ, ಪಕ್ಕದ ರೇವಣಸಿದ್ದಯ್ಯನ ಹೊಲಕ್ಕೆ ಹೊರಟುಹೋದಳು. ಆ ವರ್ಷವೂ ಅವರ ರಾಗಿ ಮೊಣಕಾಲುದ್ದ ಬಂದು ನಿಂತಿತು. ಮರಿಯಪ್ಪ ಅವ್ವನ ಮೇಲೆ ಸಿಟ್ಟು ಮಾಡಿಕೊಳ್ಳಲಾರದೆ ಇಡೀ ಊರಿನ ಮೇಲೆ ಸಿಟ್ಟು ಮಾಡಿಕೊಂಡ.

ಓದು ಹತ್ತಲಿಲ್ಲ. ಅಣ್ಣ ಬೆಟ್ಟಯ್ಯ ಹೊಲ ನೋಡಿಕೊಂಡ, ಇವನು ಬೆಂಗಳೂರಿನ ಬಸ್ಸು ಹತ್ತಿದ. ವರ್ಕ್‌ಶಾಪಿನ ಮಾಲೀಕ ಸೇತುರಾಮರು ಇವನನ್ನು ಮೊದಲು ಕಬ್ಬಿಣದ ಸಿಪ್ಪೆ ಗುಡಿಸಲು ಇಟ್ಟುಕೊಂಡವರು, ಕೈಯ ಗುಣ ನೋಡಿ ಲೇತಿಗೆ ಹಾಕಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ನಾಜೂಕಿನ ಕೆಲಸ ಏನೇ ಬರಲಿ, "ಮರಿಯಪ್ಪನಿಗೆ ಕೊಡಿ" ಅನ್ನುವ ಹಾಗಾಯಿತು. ಅವನು ಕೊರೆದ ತೂತನ್ನು ಮತ್ತೆ ಅಳೆಯುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಯಶೋದಮ್ಮನನ್ನು ಮದುವೆಯಾದ. ರಾಜಾಜಿನಗರದಲ್ಲೇ ಒಂದು ವಠಾರದಲ್ಲಿ ಒಂದೂವರೆ ಕೋಣೆಯ ಸಂಸಾರ. ಇಷ್ಟಾಗಿದ್ದರೆ ನೆಮ್ಮದಿಯ ಮನುಷ್ಯನೇ ಆಗಿರುತ್ತಿದ್ದ.

ಆದರೆ ಮುಂಗಾರು ಬಂತೆಂದರೆ ಅವನಿಗೆ ತಲೆ ಕೆಡುತ್ತಿತ್ತು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಒಣಭೂಮಿ ಬೇಸಾಯ ಎಂಬ ಮಾತು ರೇಡಿಯೋ ತುಂಬ ಕೇಳುತ್ತಿತ್ತು. ಜೀಪಿನಲ್ಲಿ ಅಧಿಕಾರಿಗಳು ಹಳ್ಳಿಗೆ ಬಂದು "ಹದ ನೋಡಿ ಸಕಾಲಕ್ಕೆ ಬಿತ್ತನೆ ಮಾಡಿ" ಎಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. "ಹಸಿವಾದಾಗ ಊಟ ಮಾಡಿ ಅಂತ ಹೇಳೋಕೂ ಒಬ್ಬ ಆಫೀಸರ್ ಬೇಕೇನೇ?" ಎಂದು ಮರಿಯಪ್ಪ ಹೆಂಡತಿಯ ಮುಂದೆ ರೇಗುತ್ತಿದ್ದ. "ಹದ ಯಾವಾಗ ಅಂತ ಅವ್ವಂಗೆ ಗೊತ್ತಿಲ್ವಾ? ಒಂದೇ ದಿನಕ್ಕೆ ಊರಿಗೆಲ್ಲ ಕೈ ಎಲ್ಲಿಂದ ತರೋದು, ಅದು ಹೇಳ್ಲಿ ಅವರು."

ಯಾರೂ ಹೇಳದಿದ್ದಾಗ ತಾನೇ ಮಾಡಲು ಹೊರಟ. ಕೈಯೇ ಬೇಡದ ಕೂರಿಗೆ. ತಗಡಿನ ಮುಚ್ಚಳದ ಪೆಟ್ಟಿಗೆಯಲ್ಲಿ ರಾಗಿ, ಒಳಗೆ ಸಣ್ಣ ಸಣ್ಣ ಗುಳಿ ಕೊರೆದ ಉರುಳೆ, ಪಕ್ಕದಲ್ಲಿ ಒಂದು ಚಕ್ರ. ಎತ್ತು ಎಳೆದಂತೆ ಚಕ್ರ ತಿರುಗಿ, ಚಕ್ರದ ಜೊತೆ ಉರುಳೆ ತಿರುಗಿ, ಪೆಟ್ಟಿಗೆಯ ತಳದ ಕಣ್ಣುಗಳಿಂದ ರಾಗಿ ಅಳೆದಂತೆ ಕೊಳವೆಗೆ ಬೀಳಬೇಕು. ರಾಗಿಕಾಳು ಎಷ್ಟು ದಪ್ಪ ಹೇಳಿ? ಅದಕ್ಕೆ ತಕ್ಕ ಕಣ್ಣು ಕೊರೆಯಬೇಕು. ಒಂದು ಕೂದಲಷ್ಟು ದೊಡ್ಡದಾದರೆ ಸುರಿಯುತ್ತದೆ, ಚಿಕ್ಕದಾದರೆ ಸಿಕ್ಕಿಕೊಳ್ಳುತ್ತದೆ. ಕೆಲಸದ ಹೊತ್ತು ಮುಗಿದ ಮೇಲೆ ಗುಜರಿಯಲ್ಲಿ ಬಿದ್ದ ತುಂಡುಗಳನ್ನೇ ಕೂಡಿಸಿ ಕೊರೆದ, ಎಸೆದ, ಮತ್ತೆ ಕೊರೆದ. ವಠಾರದ ಅಂಗಳದಲ್ಲಿ ಯಶೋದಮ್ಮ ಎತ್ತಿನ ಜಾಗದಲ್ಲಿ ನಿಂತು ಹಗ್ಗ ಎಳೆದಳು. ಹಿಂದೆ ರಾಗಿ ಗೆರೆ ಎಳೆದಂತೆ ಬಿತ್ತು, ಅದರ ಹಿಂದೆ ಗುಬ್ಬಚ್ಚಿಗಳ ದಂಡು ಬಂತು. "ಬಂಗಾರ ಕೇಳಿದ್ದಕ್ಕೆ ನೊಗ ಕೊಟ್ರಿ" ಎಂದು ಯಶೋದಮ್ಮ ಸೆರಗಿನಿಂದ ಬೆವರು ಒರೆಸಿಕೊಂಡಳು. ವಠಾರದವರೆಲ್ಲ ನಕ್ಕರು, ಅಪರೂಪಕ್ಕೆ ಮರಿಯಪ್ಪನೂ ನಕ್ಕ.

ಸೇತುರಾಮರು ಒಂದು ದಿನ ತಾವೇ ಬಂದು ಕಣ್ಣುಗಳನ್ನು ಅಳತೆಪಟ್ಟಿ ಹಿಡಿದು ನೋಡಿದರು. ಮೆಚ್ಚಿದರೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ತೂತೇನೋ ಮುತ್ತಿನ ಹಾಗಿದೆ ಕಣಯ್ಯ ಮರಿಯಪ್ಪ. ಆದ್ರೆ ಅಂಗಳದಲ್ಲಿ ಬಿತ್ತಿದ್ರೆ ಆಯ್ತಾ? ಒಂದು ಹೊಲ ಇದ್ರಿಂದ ಹಸಿರಾಗ್ಲಿ, ನನ್ನ ಕಣ್ಣಾರೆ ತೋರಿಸು. ಅವತ್ತೇ ಐವತ್ತು ಮಾಡೋಕೆ ಶುರು ಮಾಡೋಣ."

ಐವತ್ತು ಎಂದರೆ ಕೆಂಗೇರಿಯ ಸುತ್ತ ಮನೆಗೊಂದು. ಮನೆಗೊಂದು ಇದ್ದರೆ ಅವ್ವನ ಬಾಗಿಲಿಗೆ ಎಲೆಯಡಿಕೆ ಹಿಡಿದು ಯಾರೂ ಬರುವುದಿಲ್ಲ. ಅವಳು ತನ್ನ ಹೊಲವನ್ನು ತನ್ನ ಹದದಲ್ಲಿ ಬಿತ್ತಬಹುದು. ಮರಿಯಪ್ಪನಿಗೆ ಬೇಕಾದದ್ದು ಇಷ್ಟೇ.

ಇಷ್ಟಕ್ಕೆ ಪಟ್ಟ ಪಾಡು ದೇವರಿಗೇ ಪ್ರೀತಿ. ಮೊದಲ ವರ್ಷ ಎತ್ತುಗಳಿಂದ ಎಳೆಯಲಾಗಲಿಲ್ಲ, ಅಷ್ಟು ಭಾರ. "ಇದೇನು ಕೂರಿಗೇನೋ, ರೋಡ್ ರೋಲರೋ?" ಎಂದು ಬೆಟ್ಟಯ್ಯ ಎತ್ತು ಬಿಚ್ಚಿಬಿಟ್ಟ. ಮರುವರ್ಷ ಭಾರ ಇಳಿಸಿ ತಯಾರಿ ಮಾಡಿಕೊಂಡರೆ, ಮಳೆ ಬಂದ ದಿನ ವರ್ಕ್‌ಶಾಪಿನಲ್ಲಿ ಅವಸರದ ಕೆಲಸ, ರಜೆ ಸಿಗಲಿಲ್ಲ. ಸಿಕ್ಕಿ ಓಡಿಹೋಗುವಷ್ಟರಲ್ಲಿ ಹದ ಮುಗಿದಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಎರಡು ವರ್ಷ ಹೀಗೆ ಕಳೆದು, ಮೂರನೆಯ ವರ್ಷ ಬೆಟ್ಟಯ್ಯ ಅರೆಮನಸ್ಸಿನಿಂದ ಒಪ್ಪಿದ.

"ಈ ಸಲ ಒಂದೇ ಸಲ ಕಣಪ್ಪ," ಎಂದ. "ಮನೇಲಿ ಉಣ್ಣೋ ರಾಗಿ ಇದು. ಅವ್ವ ಹೂಂ ಅಂದ್ರೆ ನಂದೂ ಹೂಂ."

ಅವ್ವ ಹೂಂ ಅನ್ನುವುದೇ ಕಷ್ಟವಾಗಿತ್ತು. ಕೈ ಬೇಡದ ಕೂರಿಗೆ ಎಂದು ಮಗ ಬಾಯಿ ತುಂಬ ಹೇಳಿದಾಗ ಮುನಿತಾಯಮ್ಮ ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು, "ನನ್ ಕೈ ಬ್ಯಾಡ ಅಂದ್ಮೇಲೆ ಬ್ಯಾಡ ಬಿಡು" ಎಂದು ಒಳಗೆ ಹೋಗಿಬಿಟ್ಟಿದ್ದಳು. ಮರಿಯಪ್ಪ ಆ ಮಾತಿಗೆ ತಿಂಗಳುಗಟ್ಟಲೆ ಔಷಧಿ ಹುಡುಕಿದ. ಕೊನೆಗೆ ಹೊಳೆಯಿತು.

"ಅವ್ವ, ಬೀಜ ಬಿಡೋದು ಮಿಷನ್ ಆದ್ರೂ ಅದು ಕೂರಿಗೇನೇ ತಾನೆ? ನೀನು ಪೂಜೆ ಮಾಡಿ ಹೊರಡಿಸ್ದೆ ಅದು ಹೊಲಕ್ಕೆ ಇಳಿಯಾಕಿಲ್ಲ."

ಅವಳ ಮುಖ ಸ್ವಲ್ಪ ಬಿಚ್ಚಿತು. "ಪೂಜೆ ಇಲ್ದೆ ಯಾವನಾದ್ರೂ ಕೂರಿಗೆ ಹೂಡ್ತಾನೇನ್ಲಾ? ಮಾಡ್ತೀನಿ. ಆದ್ರೆ ಅಕ್ಕಡೀನ ನನ್ ಕೈಲೇ ಬಿಡೋದು, ಅದ್ನ ಯಾವ ಮಿಷನ್‌ಗೂ ಕೊಡಾಕಿಲ್ಲ."

ಅಕ್ಕಡಿ ಅಂದರೆ ರಾಗಿಯ ನಡುನಡುವೆ ಅವರೆ ತೊಗರಿ ಬಿಡುವ ಸಾಲು. ಮಳೆ ಕೈಕೊಟ್ಟು ರಾಗಿ ಹೋದರೂ ಸಾರಿಗೆ ಕಾಳಾದರೂ ಸಿಗಲಿ ಎಂದು ಹಿಂದಿನವರು ಮಾಡಿಟ್ಟ ದಾರಿ. ಮರಿಯಪ್ಪ ಸಂತೋಷವಾಗಿ ಒಪ್ಪಿದ.

ಎಪ್ಪತ್ತೇಳನೆಯ ಇಸವಿ. "ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ" ಅನ್ನುತ್ತಾರಲ್ಲ, ಆ ಆರಿದ್ರ ಮಳೆ ರಾಜಾಜಿನಗರದ ತಗಡಿನ ಚಾವಣಿಗಳ ಮೇಲೆ ಬಡಿದ ಸಂಜೆಯೇ ಮರಿಯಪ್ಪ ರಜೆ ಹೇಳಿ ಹೊರಟ. ಈ ಸಲ ಯಾವ ಕೆಲಸವೂ ಅವನನ್ನು ಹಿಡಿದು ನಿಲ್ಲಿಸಲಾಗುತ್ತಿರಲಿಲ್ಲ. ಮರುದಿನ ಬಿಟ್ಟು ಆ ಮರುದಿನ ಬೆಳಿಗ್ಗೆ ಬೆಟ್ಟಯ್ಯ ಹೊಲದಿಂದ ಒಂದು ಹಿಡಿ ಮಣ್ಣು ತಂದು ಅವ್ವನ ಕೈಗೆ ಹಾಕಿದ. ಅವಳು ಹಿಸುಕಿ, ಬಿಟ್ಟು ನೋಡಿ, "ಬಂದೈತೆ" ಎಂದಳು.

ಅಂಗಳದಲ್ಲಿ ಕೂರಿಗೆಯನ್ನು ಮಣೆಯ ಮೇಲೆ ಏರಿಸಿದರು. ಸಗಣಿಯಲ್ಲಿ ಮಾಡಿದ ಗಣಪ, ಬೆನವನಿಗೆ ಗರಿಕೆ ಸಿಕ್ಕಿಸಿ ಪಕ್ಕದಲ್ಲಿಟ್ಟರು. ಮುನಿತಾಯಮ್ಮ ತಲೆಗೆ ನೀರು ಹಾಕಿಕೊಂಡು ಬಂದು ಪೂಜೆಗೆ ಕೂತಳು. ಮರದ ಕೂರಿಗೆಗೆ ಮಾಡುವುದಕ್ಕಿಂತ ಹೆಚ್ಚಾಗಿಯೇ ಮಾಡಿದಳು. ಮಗನ ಕೈಯಲ್ಲಿ ಹುಟ್ಟಿದ್ದು ಅಲ್ಲವೇ? ಹಾಲಿನಲ್ಲಿ ಕಲಸಿದ ಅರಿಶಿನವನ್ನು ದಿಂಡಿಗೆ, ಚಕ್ರಕ್ಕೆ ಬಳಿದಳು. ಮುಚ್ಚಳ ತೆಗೆಸಿ, "ಕಣ್ಣಿಗೆ ಅರಿಶಿನ ಕಾಣಿಸ್ದೆ ಹೊಲ ತೋರಿಸಬಾರ್ದು" ಎಂದು ತಳದ ಒಂದೊಂದು ಕಣ್ಣಿಗೂ ಬೆರಳಿನಿಂದ ತಿದ್ದಿ ತಿದ್ದಿ ಹಚ್ಚಿದಳು. ಕಾಯಿ ಒಡೆದ ನೀರನ್ನು ಒಳಗೆ ಚಿಮುಕಿಸಿದಳು. ಬೆಲ್ಲದ ಚೂರೊಂದನ್ನು ಉರುಳೆಯ ಮೇಲಿಟ್ಟಳು. ಮರದ ಕೂರಿಗೆಯ ಬಟ್ಟಲಿನ ತೂತಿನಲ್ಲಿ ಬೆರಳೇ ಹೋಗುತ್ತದೆ, ಅಲ್ಲಿ ಅರಿಶಿನ ಹಚ್ಚಿದರೆ ಏನೂ ಆಗುವುದಿಲ್ಲ. ಅವಳು ಆಯುಸ್ಸೆಲ್ಲ ಹಾಗೇ ಮಾಡಿಕೊಂಡು ಬಂದವಳು.

ಮರಿಯಪ್ಪನಿಗೆ ತಿಳಿಯಬೇಕಿತ್ತಲ್ಲ? ಆ ಕಣ್ಣುಗಳ ಹತ್ತಿರ ಜೊತೆ ಕೆಲಸದವನು ಎಣ್ಣೆಗೈ ಇಟ್ಟರೆ ಕೂಗಾಡುತ್ತಿದ್ದ ಮನುಷ್ಯ. ಅವತ್ತು ಕೈ ಮುಗಿದುಕೊಂಡು ನಿಂತಿದ್ದ. ಅವ್ವ ತನ್ನ ಕೂರಿಗೆಯನ್ನು ಕೂರಿಗೆ ಎಂದು ಒಪ್ಪಿಕೊಂಡಳಲ್ಲ ಎಂದು ಕಣ್ಣು ಮಂಜಾಗಿತ್ತು. ಬುದ್ಧಿ ಎಲ್ಲಿತ್ತೋ ಕಾಣೆ.

ಊರಿನ ಮಿಕ್ಕ ಕೂರಿಗೆಗಳು ಇನ್ನೂ ಕೊಟ್ಟಿಗೆಯಲ್ಲಿರುವಾಗಲೇ ಇವರದು ಹೊಲಕ್ಕೆ ಇಳಿಯಿತು. ಮೊದಲ ಸುತ್ತಿನಲ್ಲಿ ಬೆಟ್ಟಯ್ಯ ಬಗ್ಗಿ ಸಾಲು ಕೆದಕಿ ನೋಡಿದ. ರಾಗಿ ಬಿದ್ದಿತ್ತು. ಎರಡನೆಯ ಸುತ್ತಿನಲ್ಲೂ ನೋಡಿದ, ಬಿದ್ದಿತ್ತು. ಆಮೇಲೆ ನೋಡುವುದನ್ನು ಬಿಟ್ಟ. ಮುನಿತಾಯಮ್ಮ ಹಿಂದಿನಿಂದ ಅಕ್ಕಡಿಯ ಕೊಳವೆ ಹಿಡಿದು ಅವರೆ ಬಿಡುತ್ತ ಬಂದಳು. ಕೆಮ್ಮಣ್ಣಿನಲ್ಲಿ ಕೆಂಪು ರಾಗಿ ಯಾರ ಕಣ್ಣಿಗೆ ಬೀಳುತ್ತದೆ? ಮರದ ಬಟ್ಟಲಾಗಿದ್ದರೆ ತೂತು ಕಟ್ಟಿದ ಗಳಿಗೆಯೇ ಅವಳ ಕೈಗೆ ತಿಳಿಯುತ್ತಿತ್ತು. ಇದರಲ್ಲಿ ಮುಚ್ಚಳದ ಒಳಗೆ ಏನು ನಡೆಯಿತೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಚಕ್ರ ಗಡಗಡ ತಿರುಗುತ್ತಿತ್ತು, ಎತ್ತುಗಳು ಸರಾಗ ನಡೆಯುತ್ತಿದ್ದವು, ಎಲೆಯಡಿಕೆ ಹಿಡಿದು ಬಂದವರೂ ಮೊದಲು ಈ ಮಿಷನ್ ನೋಡೋಣವೆಂದು ಬದುವಿನ ಮೇಲೆ ನಿಂತು ಭೇಷ್ ಅನ್ನುತ್ತಿದ್ದರು. ಹಿಂದೆಯೇ ಹಲಗೆ ಎಳೆದು ಮಣ್ಣು ಮುಚ್ಚಿದರು.

ಕೆಲಸ ಮುಗಿದು ಮುಚ್ಚಳ ತೆಗೆದಾಗ ಪೆಟ್ಟಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ರಾಗಿ ಇತ್ತು.

"ಇಷ್ಟು ಉಳ್ಕೊಂಡೈತಲ್ಲೋ" ಎಂದ ಬೆಟ್ಟಯ್ಯ.

"ಅದೇ ಅಣ್ಣ ಇದರ ಗುಣ," ಎಂದು ಮರಿಯಪ್ಪ ಎದೆ ಉಬ್ಬಿಸಿದ. "ಕೈಲಿ ಬಿಟ್ರೆ ಎಷ್ಟು ಪೋಲಾಗ್ತಿತ್ತು ಅಂತ ಈಗ ಗೊತ್ತಾಯ್ತಾ?"

ಜಂಬ ಅನ್ನುವುದು ಹಾಗೆಯೇ, ಎದುರಿಗಿರುವ ಸತ್ಯವನ್ನೂ ತನ್ನ ಹೊಗಳಿಕೆಗೆ ಸೇರಿಸಿಕೊಂಡುಬಿಡುತ್ತದೆ. ಉಳಿದ ರಾಗಿಯನ್ನು ಗೋರಿ ಚೀಲಕ್ಕೆ ಹಾಕಿ, ಕೂರಿಗೆಗೆ ಗೋಣಿ ಹೊದಿಸಿ ಕೊಟ್ಟಿಗೆಯಲ್ಲಿಟ್ಟು ಅವನು ಬೆಂಗಳೂರಿಗೆ ಬಂದ. ಬಂದವನು ಸೇತುರಾಮರನ್ನು ಬಿಡಲಿಲ್ಲ. "ಮುಂದಿನ ವಾರ ಬರಲೇಬೇಕು ಸಾರ್, ಹಸಿರು ನೋಡೋಕೆ" ಎಂದು ದಿನಾ ದುಂಬಾಲು ಬಿದ್ದ.

ವಾರ ಕಳೆದು ಭಾನುವಾರ ಮೂವರೂ ಕೆಂಗೇರಿಯ ಬಸ್ಸಿಳಿದರು: ಮರಿಯಪ್ಪ, ಯಶೋದಮ್ಮ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಸೇತುರಾಮರು. ದಾರಿಯುದ್ದಕ್ಕೂ ಎರಡು ಕಡೆಯ ಹೊಲಗಳಲ್ಲಿ ರಾಗಿ ಎದ್ದಿತ್ತು. ಮರಿಯಪ್ಪ ತೋರಿಸುತ್ತ ಹೋದ, "ಇವೆಲ್ಲ ಕೈಯಲ್ಲಿ ಬಿತ್ತಿದ್ದು ಸಾರ್, ನಮ್ಮದು ನೋಡಿ ಆಮೇಲೆ." ರೇವಣಸಿದ್ದಯ್ಯನ ಹೊಲ ದಾಟಿದರು.

ಮರಿಯಪ್ಪನ ಹೊಲದ ಮೂಡಣ ಅಂಚಿನಲ್ಲಿ ಒಂದು ಪಟ್ಟಿ ಮಾತ್ರ ಹಸಿರು. ಎಷ್ಟು ಚೆಂದದ ಹಸಿರೆಂದರೆ, ಊರಿನಲ್ಲಿ ಮತ್ತೆಲ್ಲೂ ಅಷ್ಟು ಸಮನಾಗಿ ಬಂದಿರಲಿಲ್ಲ. ಅದರಾಚೆಗೆ ಇಡೀ ಹೊಲ ಕೆಂಪು ಮಣ್ಣು. ಆ ಕೆಂಪಿನಲ್ಲಿ ದೂರದೂರಕ್ಕೆ ಒಂದೊಂದು ಸಾಲು ಅವರೆ ಎರಡೆಲೆ ಬಿಟ್ಟು ನಿಂತಿತ್ತು. ಅಕ್ಕಡಿ ಬಂದಿದೆ, ರಾಗಿ ಬಂದಿಲ್ಲ.

ಬದುವಿನ ಮೇಲೆ ಆಗಲೇ ಏಳೆಂಟು ಜನ ಸೇರಿದ್ದರು. ರೇವಣಸಿದ್ದಯ್ಯ ಎಲೆಯಡಿಕೆ ಉಗುಳಿ, ಯಾರಿಗೂ ಅಲ್ಲವೆಂಬಂತೆ ಹೇಳಿದ: "ಅವ್ವನ ಕೈ ಬಿಟ್ಟಿದ್ದು ಬಂತು. ಮಗನ ಕಬ್ಬಿಣ ಬಿಟ್ಟಿದ್ದು ಬರ್ಲಿಲ್ಲ."

ಬೆಟ್ಟಯ್ಯ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. "ಬಾರಪ್ಪ, ನೋಡು" ಎಂದ, ಅಷ್ಟೇ. ಮತ್ತೆ ಬಿತ್ತೋಣವೆಂದರೆ ಹದ ಆರಿ ನೆಲ ಬಿರುಸಾಗಿತ್ತು. ಮುಂದೆ ತಡವಾಗಿ ಮಳೆ ಬಂದರೆ ಹುರುಳಿ ಚೆಲ್ಲಬಹುದು, ರಾಗಿಯ ಆಸೆ ಮುಗಿಯಿತು.

ಮರಿಯಪ್ಪ ಕೊಟ್ಟಿಗೆಗೆ ಓಡಿ ಕೂರಿಗೆಯನ್ನು ಅಂಗಳಕ್ಕೆ ಎಳೆದು ತಂದ. ಜನ ಹಿಂದೆಯೇ ಬಂದರು. ಪೆಟ್ಟಿಗೆಯನ್ನು ಬೋರಲು ಹಾಕಿ ಉರುಳೆ ಬಿಚ್ಚಿದ. ತಳದ ಕಣ್ಣುಗಳಲ್ಲಿ ಒಂದೂ ಕಾಣಿಸಲಿಲ್ಲ. ಅರಿಶಿನ, ಬೆಲ್ಲದ ಅಂಟು, ರಾಗಿಯ ಸಿಪ್ಪೆ ಮೂರೂ ಬೆರೆತು ಬಿಸಿಲಿಗೆ ಒಣಗಿ ಗಾರೆಯ ಹಾಗೆ ಕೂತಿತ್ತು. ಉಗುರಿನಿಂದ ಎಬ್ಬಿಸಿದ. ಹಳದಿ ಹಕ್ಕಳೆ ಅಂಗೈಗೆ ಬಿತ್ತು, ಅದರ ಕೆಳಗೆ ಅವನು ಕೊರೆದ ಕಣ್ಣು ಗುಂಡಗೆ, ಸರಿಯಾಗಿ, ಹಾಗೇ ಇತ್ತು.

ಎದೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಮೂರು ವರ್ಷ! ಸಂಜೆಗಳೆಲ್ಲ ಇದಕ್ಕೇ ಹೋಗಿದ್ದವು, ಹೆಂಡತಿಯನ್ನು ಎತ್ತಿನ ಹಾಗೆ ದುಡಿಸಿದ್ದ, ಊರಿನವರಿಂದೆಲ್ಲ ಮಾತು ಕೇಳಿದ್ದ. ಇಷ್ಟಾದ ಮೇಲೆ ಒಂದು ಚಿಟಿಕೆ ಅರಿಶಿನ. ಬಾಯಿಯ ತುದಿಗೆ ಮಾತು ಬಂದಿತ್ತು. "ಮಿಷನ್ ಸರಿಯಾಗೇ ಇದೆ, ಪೂಜೆಯಿಂದ ಕೆಟ್ಟಿತು" ಎಂದು ಒಂದೇ ಮಾತು ಅಂದರೆ ಸಾಕು. ಸೇತುರಾಮರು ಅಲ್ಲೇ ನಿಂತಿದ್ದಾರೆ, ಮರುದಿನವೇ ಐವತ್ತು ಶುರುವಾಗುತ್ತದೆ.

ತಲೆ ಎತ್ತಿದ. ಎದುರಿಗೆ ಅವ್ವ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಏನಾಯ್ತ್ಲಾ ಮರಿ?" ಎಂದಳು. "ನಾನ್ ಪೂಜೇಲಿ ಏನಾರ ತಪ್ಪು ಮಾಡಿದ್ನಾ? ಯೋಳು. ವಾರದಿಂದ ನಂಗೆ ಅದೇ ಯೋಚ್ನೆ."

ಊರಿನ ಜನವೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು. ಇವಳ ಕೈ ಮುಟ್ಟಿದರೆ ಹೊಲ ಹಸಿರಾಗುತ್ತದೆ ಎಂದು ನಂಬಿ ಎಲೆಯಡಿಕೆ ತರುವ ಜನ. ಇವಳ ಕೈಯಿಂದಲೇ ಇವಳ ಮನೆಯ ಹೊಲ ಬಂಜರಾಯಿತು ಎಂದು ಕೇಳಿದರೆ ನಾಳೆ ಏನನ್ನುತ್ತಾರೆ? ಆ ಮುದುಕಿ ಆ ಕೈಯನ್ನು ಎಲ್ಲಿ ಇಟ್ಟುಕೊಂಡು ಬದುಕುತ್ತಾಳೆ?

ಮರಿಯಪ್ಪ ಹಕ್ಕಳೆಯನ್ನು ಮುಷ್ಟಿಯಲ್ಲಿ ಹಿಸುಕಿದ.

"ಪೂಜೇಲಿ ಏನೂ ಇಲ್ಲ ಕಣವ್ವ. ನನ್ ಲೆಕ್ಕ ತಪ್ಪಿತ್ತು. ತೂತು ಸಣ್ಣದಾಗ್ಬಿಟ್ಟಿತ್ತು."

ಅವಳ ಮುಖಕ್ಕೆ ರಕ್ತ ಮರಳಿ ಬಂತು. ಸೇತುರಾಮರ ಮುಖ ಮಾತ್ರ ಗಂಟಿಕ್ಕಿತು. "ನಾನೇ ಅಳೆದಿದ್ನಲ್ಲಯ್ಯ, ಸರಿಯಾಗಿತ್ತಲ್ಲ?"

"ಆಮೇಲೆ ಬದಲಾಯಿಸಿದ್ದೆ ಸಾರ್. ಬೀಜ ಉಳಿಸೋಣ ಅಂತ."

"ನನಗೆ ಹೇಳದೇನೇ? ನಿನ್ನ ಕೈ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಟ್ಟಿದ್ದೆ ಕಣಯ್ಯ" ಎಂದು ಅವರು ಅಂಗಿಯ ಧೂಳು ಕೊಡವಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ಮರುವಾರದಿಂದ ವರ್ಕ್‌ಶಾಪಿನಲ್ಲಿ ಮರಿಯಪ್ಪ ಕೊರೆದ ತೂತುಗಳನ್ನು ಇನ್ನೊಬ್ಬರು ಅಳೆಯತೊಡಗಿದರು.

ನಿಜ ಏನೆಂದು ಗೊತ್ತಿದ್ದವಳು ಯಶೋದಮ್ಮ ಒಬ್ಬಳೇ. ಅವಳು ಹಕ್ಕಳೆಯ ಬಣ್ಣ ನೋಡಿದ್ದಳು. ವಠಾರಕ್ಕೆ ಬಂದ ಮೇಲೆ, "ಮುಂದಿನ ವರ್ಷ ಪೂಜೆ ಆದ್ಮೇಲೆ ಒಂದ್ಸಲ ಒರೆಸಿ ಹೂಡಿದ್ರಾಯ್ತಲ್ಲ ರೀ" ಎಂದಳು. ಅವಳಿಗೆ ಎಲ್ಲವೂ ಸಲೀಸು.

"ಹೂಡೋಕೆ ಹೊಲ ಯಾರೇ ಕೊಡ್ತಾರೆ?" ಎಂದು ಮರಿಯಪ್ಪ ಹರಿಹಾಯ್ದ. "ಅಣ್ಣಂಗೆ ಕಾರಣ ಹೇಳಿದ್ರೆ ಕೊಡ್ತಾನೆ. ಕಾರಣ ಹೇಳೋ ಹಾಗಿಲ್ಲ. ಸೇತುರಾಮ್ ಸಾರ್‌ಗೆ ಹೇಳಿದ್ರೆ ಕೆಂಗೇರಿಗೆ ಹೋಗಿ ಪೂಜೆ ಮಾಡ್ಬೇಡಿ ಅಂತ ಅವರೇ ಸಾರ್ತಾರೆ. ಸುಮ್ನಿರು."

ಅವನ ಒಳಗಿನ ಸಿಟ್ಟು ಮಾತ್ರ ಆರಲಿಲ್ಲ. ಆ ವರ್ಷ ಬೆಟ್ಟಯ್ಯನ ಮನೆಯಲ್ಲಿ ಹುರುಳಿ ಬೆಳೆಯಿತು, ಮುದ್ದೆಗೆ ರಾಗಿ ಕೊಂಡು ತಂದರು. ಕೆಂಗೇರಿಯಲ್ಲಿ ಯಾರದಾದರೂ ಲೆಕ್ಕ ತಪ್ಪಿದರೆ "ಮರಿಯಪ್ಪನ ಮಿಷನ್ ಆಯ್ತು" ಅನ್ನುವುದು ಮಾತಾಯಿತು. ಆ ಮಾತು ಶುರುವಾದದ್ದು ಎಲ್ಲಿಂದ ಗೊತ್ತೇ? ಮುನಿತಾಯಮ್ಮನಿಂದಲೇ. ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ಮದುವೆ ಮನೆಯಲ್ಲಿ, ಕೇಳಿದವರಿಗೂ ಕೇಳದವರಿಗೂ ಅವಳು ಹೇಳುತ್ತಿದ್ದಳು: ನನ್ನ ಪೂಜೆಯಲ್ಲಿ ಏನೂ ಕಮ್ಮಿ ಇರಲಿಲ್ಲ ಕಣ್ರವ್ವ, ಮಗನ ಲೆಕ್ಕ ತಪ್ಪಿತು. ಊರಿನವರು ಇದನ್ನು ಮರಿಯಪ್ಪನಿಗೇ ತಂದು ಹೇಳುವರು. ಅವನು ಹಲ್ಲು ಕಚ್ಚಿಕೊಂಡು ಹೌದು ಅನ್ನುವನು.

ಮರುವರ್ಷ ಆರಿದ್ರ ಚೆನ್ನಾಗಿಯೇ ಸುರಿಯಿತು. ಮರಿಯಪ್ಪ ಈ ಸಲ ಬರುವುದಿಲ್ಲ ಎಂದುಕೊಂಡಿದ್ದವನು, ತಡೆಯಲಾರದೆ ಬಸ್ಸು ಹತ್ತಿದ. ಬಾಗಿಲ ಮುಂದೆ ಎಲೆಯಡಿಕೆಯ ಸಾಲು ಎಂದಿನಂತೆಯೇ ಇತ್ತು. ಇನ್ನೂ ಉದ್ದವಾಗಿತ್ತು ಎಂದರೂ ನಡೆಯುತ್ತದೆ. ಹೋದ ವರ್ಷ ಅಕ್ಕಡಿ ಬಂದು ರಾಗಿ ಬಾರದ ಕತೆ ಕೇಳಿದ ಮೇಲೆ ಆ ಕೈಗೆ ಮೊದಲಿಗಿಂತ ಹೆಚ್ಚು ಬೇಡಿಕೆ. ಹದದ ದಿನವೆಲ್ಲ ಅವಳು ಊರವರ ಹೊಲಗಳಲ್ಲಿ ಕಳೆದಳು. ಸ್ವಂತ ಹೊಲದ ಸರದಿ ಬರುವಷ್ಟರಲ್ಲಿ ಬೀಸುಗಾಳಿ ಎದ್ದಿತ್ತು. ಬೆಟ್ಟಯ್ಯ ಮರದ ಕೂರಿಗೆ ಹೂಡಿಕೊಂಡು ಕಾಯುತ್ತಿದ್ದ. ಮರಿಯಪ್ಪ ಬದುವಿನ ಮೇಲೆ ಕೂತು ಒಂದು ಹಿಡಿ ಮಣ್ಣು ಎತ್ತಿದ. ಉಂಡೆ ಕಟ್ಟಲಿಲ್ಲ, ಬೆರಳ ಸಂದಿಯಿಂದ ಸೋರಿಹೋಯಿತು.

ಮುನಿತಾಯಮ್ಮ ಕುಂಟುತ್ತ ಬಂದಳು. ಸೊಂಟ ಅರ್ಧಕ್ಕೆ ಬಾಗಿತ್ತು. ಮಡಿಲಿಗೆ ರಾಗಿ ತುಂಬಿಕೊಂಡು, ಕೂರಿಗೆಯ ಹಿಂದೆ ನಿಂತು, ಎತ್ತು ಹೊಡೆಯುವ ಮೊದಲು ಮಗನ ಕಡೆ ತಿರುಗಿದಳು. ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ.

"ಲೇ ಮರಿ, ಒಂದ್ ಮಾತು ನಿಜ ಯೋಳು. ಆವತ್ತು ನಿನ್ ಲೆಕ್ಕಾನೇ ಅಲ್ವೇನ್ಲಾ ತಪ್ಪಿದ್ದು? ನನ್ ಪೂಜೆ ಸರಿಯಾಗಿತ್ತು ಅಲ್ವಾ?"

ಅವಳ ಬಲಗೈ ರಾಗಿಯ ಮುಷ್ಟಿ ಹಿಡಿದು ಬಟ್ಟಲಿನ ಮೇಲೆ ಸಿದ್ಧವಾಗಿತ್ತು. ಮರಿಯಪ್ಪ ಆ ಕೈಯನ್ನೇ ನೋಡಿದ.

"ಹೂಂ ಕಣವ್ವ," ಎಂದ. "ಪೂಜೆ ಸರಿಯಾಗೇ ಇತ್ತು. ನನ್ ಲೆಕ್ಕಾನೇ ತಪ್ಪಿದ್ದು."

"ಅದೇ ಮತ್ತೆ" ಎಂದು ಅವಳು ನೆಮ್ಮದಿಯಿಂದ ಮುಂದೆ ತಿರುಗಿದಳು. ಬೆಟ್ಟಯ್ಯ ಎತ್ತು ಹೊಡೆದ. ಕೂರಿಗೆಯ ಹಿಂದೆ ಧೂಳು ಎದ್ದಿತು.